ಹೆಸರು ಹಾಕದಿದ್ದರೂ ಗೊತ್ತಾಗುವ ಊರಿನಲ್ಲಿ ಬರೆಯುವುದು

ಕೊಡಗಿನಲ್ಲಿ ಒಬ್ಬರ ಹೆಸರೆತ್ತದೆಯೇ ಅವರ ಮಾನ ಕಳೆಯಬಹುದು. ‘ನಾಪೋಕ್ಲು ಕಡೆಯ ತೋಟದ ಮಾಲೀಕರೊಬ್ಬರು, ಸೈನ್ಯದಿಂದ ನಿವೃತ್ತರಾಗಿ ಬಂದವರು, ಈಗ ಹೋಂಸ್ಟೇ ಇಟ್ಟಿದ್ದಾರೆ, ಹೋದ ವರ್ಷ ದೇವಸ್ಥಾನದ ಸಭೆಯಲ್ಲಿ ಊರ ಮುಖ್ಯಸ್ಥರಾದ ತಕ್ಕರ ಜೊತೆ ಜಗಳ ಆಡಿದವರು’ ಎಂದು ಯಾರೋ ಫೇಸ್‌ಬುಕ್ಕಿನಲ್ಲಿ ಬರೆದರು ಅಂದುಕೊಳ್ಳಿ. ಮಧ್ಯಾಹ್ನದ ಬಸ್ಸು ಮಡಿಕೇರಿ ಮುಟ್ಟುವುದರೊಳಗೆ ಆ ಮನುಷ್ಯ ಯಾರು, ಯಾವ ಒಕ್ಕದವರು (ಮನೆತನದವರು), ತೋಟ ಎಷ್ಟು ಎಕರೆ ಎಂಬುದೆಲ್ಲ ಜನರ ಬಾಯಲ್ಲಿರುತ್ತದೆ. ‘ನಾನು ಯಾರ ಹೆಸರನ್ನೂ ಹಾಕಿಲ್ಲವಲ್ಲ’ ಎನ್ನುವುದು ಬರೆದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ, ಅಷ್ಟೆ. ಆ ವ್ಯಕ್ತಿಯನ್ನು ಬಲ್ಲವರು ಓದಿದಾಗ ‘ಇದು ಅವರೇ’ ಎಂದು ಗುರುತು ಹಿಡಿಯುವಂತಿದ್ದರೆ ಕಾನೂನಿಗೆ ಅಷ್ಟೇ ಸಾಕು.

ವಾಕ್ ಸ್ವಾತಂತ್ರ್ಯದ ಮಾತು ಬಂದಾಗ ನಮ್ಮ ಚರ್ಚೆಯೆಲ್ಲ ದೇಶದ್ರೋಹ, ಧರ್ಮನಿಂದೆ ಎಂಬ ದೊಡ್ಡ ದೊಡ್ಡ ಮಾತುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವೂ ಮುಖ್ಯವೇ. ಆದರೆ ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಜಿಲ್ಲೆಯಲ್ಲಿ ಫೋನ್ ಹಿಡಿದು ಬರೆಯುವವರ ಕಾಲಿಗೆ ಮೊದಲು ತೊಡರುವುದು ಮಾನನಷ್ಟ, ಇನ್ನೊಬ್ಬರ ಖಾಸಗಿ ಬದುಕು, ಮತ್ತೆ ಯಾರೋ ಬರೆದದ್ದನ್ನು ಪೂರ್ತಿ ಓದದೆ ಮುಂದಕ್ಕೆ ತಳ್ಳುವ ಚಟ. ಆದ್ದರಿಂದ ದೊಡ್ಡ ಮಾತುಗಳನ್ನು ಬೇಗ ಮುಗಿಸಿ, ಇವುಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಎಂಟು ಕಾರಣಗಳು

ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಮಾತಿನ ಮತ್ತು ಅಭಿವ್ಯಕ್ತಿಯ ಹಕ್ಕು ಕೊಡುತ್ತದೆ. ಅದೇ ವಿಧಿಯ ಎರಡನೇ ಖಂಡ, ಆ ಹಕ್ಕಿಗೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂದು ಪಟ್ಟಿ ಮಾಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಎಣಿಸಿದರೆ ಎಂಟು. ಅದರ ಮೇಲೆ ಇನ್ನೊಂದು ಷರತ್ತು: ಹಾಕುವ ನಿರ್ಬಂಧ ಸಮಂಜಸವಾಗಿರಬೇಕು, ಮತ್ತು ಅದು ಶಾಸನದ ಮೂಲಕವೇ ಬರಬೇಕು. ಠಾಣಾಧಿಕಾರಿಯ ಬಾಯಿಮಾತಿನಿಂದಲೋ ಸಂಘಟನೆಯೊಂದರ ಮುಖಂಡರ ಎಚ್ಚರಿಕೆಯಿಂದಲೋ ಬರುವಂಥದ್ದಲ್ಲ.

ಈ ಪಟ್ಟಿ ಒಮ್ಮೆಗೇ ಹೀಗೆ ಬರಲಿಲ್ಲ. 1950ರಲ್ಲಿ ಸಂವಿಧಾನ ಜಾರಿಯಾದಾಗ ಅದು ಇನ್ನೂ ಚಿಕ್ಕದಿತ್ತು. ಬೊಂಬಾಯಿಯಿಂದ ಬರುತ್ತಿದ್ದ ವಾರಪತ್ರಿಕೆಯೊಂದನ್ನು ಮದ್ರಾಸ್ ಸರ್ಕಾರ ತನ್ನ ಗಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ರೊಮೇಶ್ ಥಾಪರ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಸರ್ಕಾರದ ಆದೇಶವನ್ನು ತಳ್ಳಿಹಾಕಿತು. ಮರುವರ್ಷವೇ ಮೊದಲನೇ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ವಿದೇಶ ಸ್ನೇಹ, ಪ್ರಚೋದನೆ ಎಂಬ ಮೂರು ಕಾರಣಗಳು ಆಗ ಸೇರಿದವು. ‘ಸಮಂಜಸ’ ಎಂಬ ಪದವೂ ಆಗಲೇ ಬಂತು, ಅದು ನಮ್ಮ ಪುಣ್ಯ. ಸಾರ್ವಭೌಮತೆ ಮತ್ತು ಅಖಂಡತೆ ಸೇರಿದ್ದು 1963ರಲ್ಲಿ. ಮೊದಲ ತಿದ್ದುಪಡಿಯ ಹೊತ್ತಿಗೆ ಕೊಡಗು ಇನ್ನೂ ತನ್ನದೇ ಆದ ‘ಸಿ’ ವರ್ಗದ ರಾಜ್ಯವಾಗಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದೇ ಇಲ್ಲ.

ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ‘ಭಾವನೆಗೆ ಧಕ್ಕೆ’ ಎಂಬುದು ಅದರಲ್ಲಿಲ್ಲ. ‘ಗಣ್ಯರಿಗೆ ಅಗೌರವ’ ಎಂಬುದೂ ಇಲ್ಲ. ಈ ಎಂಟರ ಆಚೆಗೆ ಹೊಸ ಕಾರಣ ಹುಡುಕಿ ಮಾತಿಗೆ ಮಿತಿ ಹಾಕುವಂತಿಲ್ಲ ಎಂದು 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟವಾಗಿಯೇ ಹೇಳಿದೆ. ಅಂತರ್ಜಾಲದಲ್ಲಿ ಬರೆದದ್ದಕ್ಕೂ ಇದೇ ರಕ್ಷಣೆ, ಇದೇ ಮಿತಿ. ಅಚ್ಚಿನ ಪತ್ರಿಕೆಗೊಂದು ಸಂವಿಧಾನ, ಫೋನಿಗೊಂದು ಸಂವಿಧಾನ ಇಲ್ಲ.

ಆದರೂ ಒಂದು ಕಾಲದಲ್ಲಿ ಫೋನಿಗೆ ಬೇರೆಯೇ ಕಾನೂನಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು. ‘ಕಿರಿಕಿರಿ’, ‘ಅನನುಕೂಲ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು. 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಆ ಸುದ್ದಿ ಓದಿದ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಆ ಕಲಮೇ ರದ್ದಾಯಿತು. ಕಿರಿಕಿರಿಗೆ ಅಳತೆಗೋಲು ಎಲ್ಲಿಂದ ತರುವುದು ಎಂಬುದೇ ನ್ಯಾಯಾಲಯದ ಪ್ರಶ್ನೆಯಾಗಿತ್ತು.

ಆ ತೀರ್ಪು ಹಾಕಿಕೊಟ್ಟ ಒಂದು ವಿಂಗಡಣೆಯನ್ನು ಬರೆಯುವವರೆಲ್ಲ ನೆನಪಿಟ್ಟುಕೊಳ್ಳಬೇಕು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಹಕ್ಕಿನೊಳಗೇ ಇವೆ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು. ನಮ್ಮಲ್ಲಿಯ ಉದಾಹರಣೆಯನ್ನೇ ನೋಡೋಣ. ‘ಪಶ್ಚಿಮ ಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿ ಜಾರಿಯಾದರೆ ಬೆಳೆಗಾರರಿಗೆ ಏನಾಗುತ್ತದೆ’ ಎಂದು ಬರೆಯುವುದು ಚರ್ಚೆ. ‘ವರದಿಯನ್ನು ಪೂರ್ತಿ ತಿರಸ್ಕರಿಸಬೇಕು’ ಎಂದೋ ‘ಒಂದಕ್ಷರ ಬಿಡದೆ ಜಾರಿ ಮಾಡಬೇಕು’ ಎಂದೋ ಪಟ್ಟು ಹಿಡಿಯುವುದು ಪ್ರತಿಪಾದನೆ. ಸಂವಿಧಾನದ ಚೌಕಟ್ಟಿನಲ್ಲಿ ಕೊಡವರಿಗೆ ಸ್ವಾಯತ್ತತೆ ಕೇಳುವುದೂ, ಅದು ಬೇಡವೆನ್ನುವುದೂ ಪ್ರತಿಪಾದನೆಯೇ. ‘ಹೊರಗಿನಿಂದ ಬಂದ ಕಾರ್ಮಿಕರು ಸಂತೆಗೆ ಬರುತ್ತಾರೆ, ಸಂಜೆ ಗೋಣಿಕೊಪ್ಪದಲ್ಲಿ ಸೇರಿ, ಬುದ್ಧಿ ಕಲಿಸೋಣ’ ಎಂಬುದು ಪ್ರಚೋದನೆ. ಮೂರನೆಯದರಲ್ಲಿ ಗುರಿಯಿದೆ, ಜಾಗವಿದೆ, ಹೊತ್ತಿದೆ, ಕೆಲಸ ಹೇಳಿದ್ದಾರೆ. ಈ ನಾಲ್ಕೂ ಒಟ್ಟಿಗೆ ಬಂದ ವಾಕ್ಯವನ್ನು ಯಾವ ವಕೀಲರೂ ‘ಅಭಿಪ್ರಾಯ’ ಎಂದು ಉಳಿಸಿಕೊಡಲಾರರು.

ಭಾವನೆ ಎಂಬ ಬಿಸಿ ವಿಷಯ

ಪಟ್ಟಿಯಲ್ಲಿ ಭಾವನೆ ಇಲ್ಲದಿದ್ದರೆ ದಿನಾ ಬೆಳಗಾದರೆ ‘ಭಾವನೆಗೆ ಧಕ್ಕೆ’ ಎಂದು ದೂರು ದಾಖಲಾಗುವುದು ಹೇಗೆ? 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 295ಎ ಈಗ 299, ಹಳೆಯ 153ಎ ಈಗ 196. ಮೊದಲನೆಯದು ಧಾರ್ಮಿಕ ಭಾವನೆ ಕೆರಳಿಸುವುದು, ಎರಡನೆಯದು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು. ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ. ಇವು ನಿಂತಿರುವುದು ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಂಬದ ಮೇಲೆ. 1957ರಲ್ಲೇ ರಾಮ್‌ಜೀ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಧಾರ್ಮಿಕ ಭಾವನೆಯ ಕಲಮನ್ನು ಎತ್ತಿಹಿಡಿಯುವಾಗಲೇ ಅದರ ಹಲ್ಲನ್ನೂ ಅಳೆದುಕೊಟ್ಟಿತು: ಉದ್ದೇಶಪೂರ್ವಕವಾಗಿ, ಕೆಟ್ಟ ಮನಸ್ಸಿನಿಂದ ಮಾಡಿದ ಅವಮಾನಕ್ಕೆ ಮಾತ್ರ ಶಿಕ್ಷೆ, ತಿಳಿಯದೆಯೋ ಅಜಾಗರೂಕತೆಯಿಂದಲೋ ಆಡಿದ ಮಾತಿಗೆ ಅಲ್ಲ.

ಕೊಡಗಿನಲ್ಲಿ ಕೋಣೆಯ ಬಿಸಿ ಏರಿಸುವ ಹೆಸರು ಯಾವುದೆಂದು ಹೇಳಬೇಕಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿದಾಗ ನವೆಂಬರ್ 10ರಂದು ಮಡಿಕೇರಿಯಲ್ಲಿ ನಡೆದ ಗಲಭೆ ಇಲ್ಲಿಯವರಿಗೆ ಗೊತ್ತು. 2019ರಲ್ಲಿ ಸರ್ಕಾರಿ ಆಚರಣೆ ನಿಂತಿತು, ವಾದ ನಿಲ್ಲಲಿಲ್ಲ. ಟಿಪ್ಪುವಿನ ಸೈನ್ಯ ಕೊಡವರನ್ನು ಕೊಂದಿತೆಂದು ಕೊಡವರು ಹೇಳುವ ದೇವಟ್ಟಿಪರಂಬಿನ ಬಗ್ಗೆ ಬರೆಯಬಹುದೇ? ಬರೆಯಬಹುದು. ಟಿಪ್ಪುವನ್ನು ಹೊಗಳಿ ಬರೆಯಬಹುದೇ? ಅದನ್ನೂ ಬರೆಯಬಹುದು. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ರಾಜನ ಬಗ್ಗೆ ದಾಖಲೆ ಇಟ್ಟು ಮಾತಾಡುವುದು ಒಂದು. ಆ ರಾಜನ ಲೆಕ್ಕವನ್ನು ಇವತ್ತು ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟಿರುವವನ ಹೆಸರಿಗೆ ಬರೆಯುವುದು ಇನ್ನೊಂದು. ಶಿವಾಜಿ ಕುರಿತ ಪುಸ್ತಕವೊಂದರ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಬರಹವನ್ನು ಇಡಿಯಾಗಿ ಓದಬೇಕು, ದ್ವೇಷ ಹುಟ್ಟಿಸುವ ಉದ್ದೇಶ ಕಾಣಬೇಕು, ಅಲ್ಲೊಂದು ಇಲ್ಲೊಂದು ಸಾಲು ಕಿತ್ತು ಅಪರಾಧ ಕಟ್ಟಬಾರದು.

ಯಾರ ಕಣ್ಣಿನಿಂದ ಓದಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. 2025ರ ಮಾರ್ಚ್ 28ರಂದು, ಸಂಸದ ಇಮ್ರಾನ್ ಪ್ರತಾಪ್‌ಗಢಿ ಹಾಕಿದ್ದ ವಿಡಿಯೊದ ಹಿನ್ನೆಲೆಯಲ್ಲಿದ್ದ ಕವಿತೆಗಾಗಿ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ಅನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ಓದುಗರ ಮಟ್ಟದಿಂದ ಅಳೆಯಬೇಕು. ಯಾವುದಕ್ಕೂ ಅಳುಕುವವರ, ಎಲ್ಲದರಲ್ಲೂ ಅಪಾಯ ಕಾಣುವವರ ಮಟ್ಟದಿಂದ ಅಲ್ಲ ಎಂದಿತು. ಅದಕ್ಕೂ ಹಿಂದೆ, 1989ರಲ್ಲಿ ಸಿನಿಮಾವೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗಲಾಟೆ ಆಗುತ್ತದೆ ಎಂಬ ಬೆದರಿಕೆ ತೋರಿಸಿ ಸರ್ಕಾರ ಮಾತನ್ನು ಅಡಗಿಸುವಂತಿಲ್ಲ, ಗಲಾಟೆ ತಡೆಯುವುದೇ ಸರ್ಕಾರದ ಕೆಲಸ ಎಂದಿತ್ತು.

ಹಾಗೆಂದು ದ್ವೇಷದ ಕಲಮುಗಳು ಬೇಡವೇ ಬೇಡ ಎಂದು ನಾನು ಹೇಳಲಾರೆ. 2022ರ ಜುಲೈಯಲ್ಲಿ ಕಾವೇರಿ ಮಾತೆಯ ಬಗ್ಗೆ, ಕೊಡವ ಹೆಣ್ಣುಮಕ್ಕಳ ಬಗ್ಗೆ ಇನ್‌ಸ್ಟಾಗ್ರಾಂ ಖಾತೆಯೊಂದರಿಂದ ಹೇಸಿಗೆ ಮಾತುಗಳು ಬಂದವು. ಖಾತೆಯ ಹೆಸರು ಮುಸ್ಲಿಂ ಹೆಸರು. ಜಿಲ್ಲೆಯಲ್ಲಿ ಪ್ರತಿಭಟನೆ ಎದ್ದಿತು. ಪೊಲೀಸರು ಜಾಡು ಹಿಡಿದು ಹೋಗಿ ಬಂಧಿಸಿದ್ದು ಕೊಡವ ಯುವಕನೊಬ್ಬನನ್ನು. ಬೇರೆ ಸಮುದಾಯದ ಹೆಸರಿನಲ್ಲಿ ಆತನೇ ಖಾತೆ ತೆರೆದಿದ್ದ ಎಂಬುದು ಅವರ ಆರೋಪ. ಜಾಡು ಸಿಗುವುದು ತಡವಾಗಿದ್ದರೆ ಆ ವಾರ ಯಾವ ಅಂಗಡಿಯ ಗಾಜು ಒಡೆಯುತ್ತಿತ್ತೋ. ಯಾರದೋ ಹೆಸರು ಹೊತ್ತು, ಒಂದು ಸಮುದಾಯವನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವ ಮಾತಿಗೆ 19ನೇ ವಿಧಿಯ ಕೊಡೆ ಹಿಡಿಯಲು ಯಾರಿಗೂ ಮನಸ್ಸಾಗದು, ಆಗಬೇಕಾಗಿಯೂ ಇಲ್ಲ.

ಹಳೆಯ ದೇಶದ್ರೋಹದ ಕಲಮನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಹೊಸ ಸಂಹಿತೆಯಲ್ಲಿ 152ನೇ ಕಲಮು ಅದರ ಜಾಗಕ್ಕೆ ಬಂದು ಕೂತಿದೆ, ಶಿಕ್ಷೆ ಏಳು ವರ್ಷದವರೆಗೆ ಅಥವಾ ಜೀವಾವಧಿ. ತೀರ್ಪುಗಳ ಟೀಕೆಯಾದರೆ ಹೆದರಬೇಕಿಲ್ಲ: ನ್ಯಾಯಾಂಗ ನಿಂದನೆ ಕಾಯ್ದೆಯೇ ನ್ಯಾಯಯುತ ವಿಮರ್ಶೆಗೆ ಅವಕಾಶ ಕೊಟ್ಟಿದೆ, ತೀರ್ಪನ್ನು ಬಯ್ಯಬಹುದು, ನ್ಯಾಯಾಧೀಶರು ಲಂಚ ತಿಂದರು ಎಂದು ಆಧಾರವಿಲ್ಲದೆ ಬರೆಯಬಾರದು. ಇವೆರಡನ್ನು ಇಲ್ಲಿಗೆ ಬಿಡುತ್ತೇನೆ.

ಪಂಚಾಯಿತಿ ರಸ್ತೆಯ ಒಂದು ಪೋಸ್ಟು

ಈಗ ಮಾನನಷ್ಟ. ನ್ಯಾಯ ಸಂಹಿತೆಯ 356ನೇ ಕಲಮು. ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಮಾನನಷ್ಟ ಅಪರಾಧವಾಗಿರಲೇಬಾರದು, ಸಿವಿಲ್ ದಾವೆ ಸಾಕು ಎಂದು ವಾದಿಸಿದವರಿದ್ದಾರೆ; ನನ್ನ ಮತವೂ ಅದೇ. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಬ್ಬರ ಮಾನವೂ ಬದುಕಿನ ಹಕ್ಕಿನ ಭಾಗ ಎಂದು ಕಲಮನ್ನು ಉಳಿಸಿತು. ಹಾಗಾಗಿ ಅದರ ಜೊತೆಗೇ ಬದುಕಬೇಕು.

ಒಂದು ಕಲ್ಪಿತ ಪೋಸ್ಟನ್ನು ಹತ್ತಿರದಿಂದ ನೋಡೋಣ. ಮೇ ತಿಂಗಳಲ್ಲಿ ಹಾಕಿದ ಪಂಚಾಯಿತಿ ರಸ್ತೆ ಜುಲೈ ಮಳೆಗೆ ಕಿತ್ತುಹೋಗಿದೆ. ಸಿಟ್ಟಿನಲ್ಲಿ ಒಬ್ಬರು ಬರೆಯುತ್ತಾರೆ: ‘ನಮ್ಮ ಪಿಡಿಒ, ಗುತ್ತಿಗೆದಾರ ಸೇರಿ ರಸ್ತೆ ದುಡ್ಡು ನುಂಗಿ ನೀರು ಕುಡಿದಿದ್ದಾರೆ. ಪಿಡಿಒ ಕುಶಾಲನಗರದಲ್ಲಿ ಮನೆ ಕಟ್ಟಿಸುತ್ತಿರುವುದು ಯಾವ ದುಡ್ಡಿನಿಂದ? ಹೆಂಡತಿಯ ಮೈಮೇಲಿನ ಚಿನ್ನ ನೋಡಿ.’

ಇದರಲ್ಲಿ ನಾಲ್ಕು ಬಗೆಯ ಮಾತಿದೆ. ರಸ್ತೆ ಕಿತ್ತುಹೋಗಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ, ಫೋಟೊ ಇದೆ. ದುಡ್ಡು ನುಂಗಿದ್ದಾರೆ ಎಂಬುದು ಅಪರಾಧದ ಆರೋಪ. ಅದನ್ನು ರುಜು ಮಾಡುವ ಹೊರೆ ಬರೆದವರ ಹೆಗಲಿಗೆ ಬೀಳುತ್ತದೆ. ಮನೆ ಯಾವ ದುಡ್ಡಿನದು ಎಂಬುದು ಪ್ರಶ್ನೆಯ ವೇಷ ಹಾಕಿದ ಆರೋಪ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟ ಮಾತ್ರಕ್ಕೆ ನ್ಯಾಯಾಲಯ ಅದನ್ನು ಪ್ರಶ್ನೆಯೆಂದು ಓದುವುದಿಲ್ಲ. ಹೆಂಡತಿಯ ಚಿನ್ನದ ಮಾತಿಗಂತೂ ಯಾವ ರಕ್ಷಣೆಯೂ ಇಲ್ಲ. ಆಕೆ ಸಾರ್ವಜನಿಕ ಹುದ್ದೆಯಲ್ಲಿಲ್ಲ, ರಸ್ತೆಗೂ ಆಕೆಗೂ ಸಂಬಂಧವಿಲ್ಲ.

ಅದೇ ಸಿಟ್ಟನ್ನು ಬೇರೆ ರೀತಿ ಬರೆಯೋಣ: ‘ಮೇ ತಿಂಗಳಲ್ಲಿ ಡಾಂಬರು ಹಾಕಿದ ರಸ್ತೆ ಜುಲೈಯಲ್ಲಿ ಹೀಗಿದೆ. ಮಾಹಿತಿ ಹಕ್ಕಿನಲ್ಲಿ ಪಡೆದ ಅಳತೆ ಪುಸ್ತಕದ ಪ್ರತಿ ಇಲ್ಲಿದೆ. ಅದರಲ್ಲಿ ಬರೆದ ದಪ್ಪಕ್ಕೂ ನಾವು ಪಂಚಾಯಿತಿ ಸದಸ್ಯರ ಎದುರೇ ಅಗೆದು ಅಳೆದ ದಪ್ಪಕ್ಕೂ ತಾಳೆಯಾಗುವುದಿಲ್ಲ. ಬಿಲ್ಲಿಗೆ ಪಿಡಿಒ ಸಹಿ ಇದೆ. ಅಳತೆ ನೋಡದೆ ಸಹಿ ಮಾಡಿದ್ದರೆ ಅದು ದೊಡ್ಡ ಬೇಜವಾಬ್ದಾರಿ ಎಂಬುದು ನನ್ನ ಅಭಿಪ್ರಾಯ. ಅವರನ್ನು ಕೇಳಿದೆವು, ಇನ್ನೂ ಉತ್ತರ ಬಂದಿಲ್ಲ.’

ಎರಡನೆಯದು ಮೆತ್ತಗಿದೆ ಅನಿಸಬಹುದು. ನನಗಂತೂ ಎರಡನೆಯದೇ ಹೆಚ್ಚು ಬಿಸಿ ಮುಟ್ಟಿಸುವಂಥದ್ದು. ಮೊದಲನೆಯದಕ್ಕೆ ಪಿಡಿಒ ವಕೀಲರ ನೋಟಿಸು ಕಳಿಸಿ ಆರಾಮಾಗಿರಬಹುದು, ಎರಡನೆಯದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕಾನೂನಿನ ಲೆಕ್ಕದಲ್ಲೂ ಅದು ಗಟ್ಟಿ. 356ನೇ ಕಲಮಿಗೆ ಹತ್ತು ವಿನಾಯಿತಿಗಳಿವೆ. ಮೊದಲನೆಯದು ಸತ್ಯ, ಆದರೆ ಬರೀ ಸತ್ಯ ಸಾಲದು. ಅದನ್ನು ಹೇಳುವುದರಲ್ಲಿ ಜನಹಿತವೂ ಇರಬೇಕು. ಸಿವಿಲ್ ದಾವೆಯಲ್ಲಾದರೆ ಸತ್ಯವೊಂದೇ ಸಾಕು. ಈ ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ. ಪಕ್ಕದ ಮನೆಯವರ ಹಳೆಯ ವಿಚ್ಛೇದನದ ಕತೆ ನಿಜವೇ ಇರಬಹುದು. ಅದನ್ನು ಊರಿಗೆ ಸಾರುವುದರಿಂದ ಊರಿಗೇನು ಒಳಿತು? ಎರಡನೇ ವಿನಾಯಿತಿ, ಸರ್ಕಾರಿ ಕೆಲಸದಲ್ಲಿರುವವರು ಆ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಹೇಳುವ ಅಭಿಪ್ರಾಯ. ಸದ್ಭಾವನೆ ಎಂದರೆ ಮನಸ್ಸು ಒಳ್ಳೆಯದಿತ್ತು ಎನ್ನುವುದಲ್ಲ, ತಕ್ಕಷ್ಟು ವಿಚಾರಿಸಿ ಬರೆದಿದ್ದೇನೆ ಎನ್ನುವುದು. ‘ಅವರನ್ನು ಕೇಳಿದೆವು’ ಎಂಬ ಪುಟ್ಟ ಸಾಲಿನ ಬೆಲೆ ಇರುವುದು ಅಲ್ಲಿ.

1994ರ ರಾಜಗೋಪಾಲ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿದೆ. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಆಧರಿಸಿ ಬರೆಯಲು ಯಾರ ಅಪ್ಪಣೆಯೂ ಬೇಡ. ಅಧಿಕಾರಿಯ ಕರ್ತವ್ಯಕ್ಕೆ ಸಂಬಂಧಿಸಿದ ಬರಹದಲ್ಲಿ ತಪ್ಪು ನುಸುಳಿದ್ದರೂ, ತಕ್ಕಷ್ಟು ಪರಿಶೀಲಿಸಿ ಬರೆದದ್ದೆಂದು ತೋರಿಸಿದರೆ ಪರಿಹಾರ ಕೊಡಬೇಕಾಗಿಲ್ಲ. ಸರ್ಕಾರವೋ ಪಂಚಾಯಿತಿಯೋ ‘ನಮ್ಮ ಸಂಸ್ಥೆಯ ಮಾನ ಹೋಯಿತು’ ಎಂದು ಪರಿಹಾರದ ದಾವೆ ಹೂಡುವಂತಿಲ್ಲ. ಆದರೆ ಖಾಸಗಿ ಬದುಕು, ಮನೆ, ಮದುವೆ, ಮಕ್ಕಳ ವಿಷಯಕ್ಕೆ ಅದೇ ತೀರ್ಪು ಬೇಲಿ ಹಾಕಿದೆ. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದ ಮೇಲೆ ಆ ಬೇಲಿ ಇನ್ನಷ್ಟು ಬಿಗಿಯಾಗಿದೆ. ಅಂದ ಹಾಗೆ ಈ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಹೋಂಸ್ಟೇ ವಿಮರ್ಶೆಗೂ ಇದೇ ಲೆಕ್ಕ. ‘ಬಿಸಿನೀರು ಬರಲಿಲ್ಲ, ಹಾಸಿಗೆಯಲ್ಲಿ ತೇವದ ವಾಸನೆ, ಮುಂಗಡ ವಾಪಸು ಕೊಡಲಿಲ್ಲ’ ಎಂದು ಉಳಿದವರು ಬರೆದರೆ ಮಾಲೀಕರು ಮುಖ ಊದಿಸಿಕೊಳ್ಳಬಹುದು, ಅಷ್ಟೆ. ‘ಇವರು ಕಳ್ಳರು, ಇಲ್ಲಿ ಏನೇನೋ ನಡೆಯುತ್ತದೆ’ ಎಂದರೆ ಆ ‘ಏನೇನೋ’ ಏನು ಎಂದು ಕೋರ್ಟಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ದೊಡ್ಡ ಕಂಪನಿಗಳಾದರೆ ನೇರ ಸಿವಿಲ್ ಕೋರ್ಟಿಗೆ ಹೋಗಿ ಬರಹದ ಮೇಲೆ ತಡೆಯಾಜ್ಞೆ ತರುವುದುಂಟು. ವಿಚಾರಣೆಗೆ ಮೊದಲೇ ಹೀಗೆ ಬಾಯಿ ಕಟ್ಟುವ ಆದೇಶಗಳನ್ನು ತೀರಾ ಅಪರೂಪಕ್ಕೆ ಮಾತ್ರ ಕೊಡಬೇಕೆಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ವಿರುದ್ಧ ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯಗಳಿಗೆ ಹೇಳಿದೆ.

ತಳ್ಳಿದವರು, ಗುಂಪು ಕಟ್ಟಿದವರು

‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಎಂಬ ಸಾಲು ರಕ್ಷಾಕವಚವಲ್ಲ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ನಿಂದಿಸಿದ್ದ ಬೇರೊಬ್ಬರ ಪೋಸ್ಟನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಆಮೇಲೆ ಅಳಿಸಿದರು, ಕ್ಷಮೆ ಕೇಳಿದರು. ಮುಂದಕ್ಕೆ ಕಳಿಸುವುದೆಂದರೆ ಒಪ್ಪಿಕೊಂಡಂತೆ ಎಂದಿತು ಮದ್ರಾಸ್ ಹೈಕೋರ್ಟ್. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ. ಸಾಮಾಜಿಕ ಜಾಲತಾಣ ಬಳಸುವವರು ಅದರ ಪರಿಣಾಮಕ್ಕೂ ತಯಾರಿರಬೇಕು ಎಂದಿತು.

ಗುಂಪಿನ ಅಡ್ಮಿನ್ ವಿಷಯದಲ್ಲಿ ಕಾನೂನು ಇಷ್ಟು ಕಟುವಾಗಿಲ್ಲ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಆಗಿದ್ದಾರೆಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು 
ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ, 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ಆ ತೀರ್ಪುಗಳ ಪ್ರಕಾರ ಅಡ್ಮಿನ್‌ಗೆ ಆಗ ಇದ್ದ ಅಧಿಕಾರವೆಂದರೆ ಸೇರಿಸುವುದು, ತೆಗೆಯುವುದು. ಪ್ರತಿ ಸಂದೇಶವನ್ನೂ ಮೊದಲೇ ಓದಿ ಬಿಡುವ ಶಕ್ತಿ ಅವರಿಗಿಲ್ಲ. ಈ ತೀರ್ಪುಗಳು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿನ ನ್ಯಾಯಾಲಯದಲ್ಲಿ ತೋರಿಸಬಹುದು. ಇದು ನಮಗೆ ಬರೀ ಪುಸ್ತಕದ ಪ್ರಶ್ನೆಯಲ್ಲ. 2025ರ ಏಪ್ರಿಲ್‌ನಲ್ಲಿ, ನಮ್ಮ ಜಿಲ್ಲೆಯ ವಾಟ್ಸ್ಆ್ಯಪ್ ಗುಂಪೊಂದರ ಅಡ್ಮಿನ್ ಆಗಿದ್ದ ಯುವಕರೊಬ್ಬರು ಗುಂಪಿನಲ್ಲಿ ಬಂದ ಪೋಸ್ಟಿನ ಪ್ರಕರಣ ಎದುರಿಸುತ್ತಿದ್ದಾಗಲೇ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಅದರ ಸುತ್ತ ಎದ್ದ ರಾಜಕೀಯ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಒಂದು ಎಫ್‌ಐಆರ್ ಎಂದರೆ ಮನೆಯೊಂದರ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಮಾತ್ರ ಜಿಲ್ಲೆ ಆಗ ಕಂಡಿತು.

ಮಳೆಗಾಲದ ಸುದ್ದಿಗಳಿಗೆ ಬೇರೆಯೇ ಎಚ್ಚರಿಕೆ ಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದ ಮೇಲೆ, ಜೋರು ಮಳೆ ಬಂದಾಗಲೆಲ್ಲ ‘ಅಲ್ಲಿ ಬಿರುಕು, ಇಲ್ಲಿ ಅಣೆಕಟ್ಟು ಒಡೆಯಿತು’ ಎಂಬ ಆಡಿಯೊ ಹರಿದಾಡದ ವರ್ಷವಿಲ್ಲ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಗೊಳಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು. ನಿಮ್ಮ ಮನೆ ಹಿಂದಿನ ಬರೆಯಲ್ಲಿ (ಗುಡ್ಡದ ಕಡಿದಾದ ಬದಿಯಲ್ಲಿ) ಬಿರುಕು ಕಂಡಿದ್ದರೆ ಫೋಟೊ ತೆಗೆದು, ಊರು, ದಿನ, ಹೊತ್ತು ಬರೆದು ಹಾಕಿ. ಅದು ಅಪರಾಧವಲ್ಲ, ಉಪಕಾರ.

ಯಾವ ವಾದಕ್ಕೂ ಜಾಗವಿಲ್ಲದ ಕೆಲವು ಗೆರೆಗಳಿವೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ಶಾಲೆ, ಮನೆ, ಹೆತ್ತವರ ವಿವರದ ಮೂಲಕವೂ ಗುರುತು ಸಿಗಬಾರದೆನ್ನುತ್ತವೆ. ಬೆಂಗಳೂರಿನಲ್ಲಿ ‘ಒಂದು ಶಾಲೆಯ ಏಳನೇ ತರಗತಿಯ ಹುಡುಗಿ’ ಎಂದರೆ ಯಾರೂ ಅಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯಲ್ಲಿ ಇರುವುದೇ ಮೂರು ಹುಡುಗಿಯರಾಗಿರಬಹುದು. ಹಾಗೆಯೇ ತೋಟದ ಕೂಲಿಯವರ ಲೈನ್ ಮನೆಯ ಯರವ, ಜೇನುಕುರುಬ ಕುಟುಂಬಗಳನ್ನು ಜಾತಿ ಹಿಡಿದು ಹೀಯಾಳಿಸುವ ವಿಡಿಯೊ. ಪರಿಶಿಷ್ಟ ಜಾತಿ ಮತ್ತು ಪಂಗಡ ದೌರ್ಜನ್ಯ ತಡೆ ಕಾಯ್ದೆ ‘ಸಾರ್ವಜನಿಕರ ಕಣ್ಣೆದುರು’ ಮಾಡಿದ ಅವಮಾನ ಎನ್ನುತ್ತದೆ. ಅಂತರ್ಜಾಲಕ್ಕೆ ಹಾಕಿದ್ದೂ ಸಾರ್ವಜನಿಕರ ಕಣ್ಣೆದುರೇ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು.

ಠಾಣೆಯಿಂದ ಫೋನ್ ಬಂದರೆ

ಕಾಗದದ ಮೇಲೆ ಹಕ್ಕು ಗಟ್ಟಿಯಾಗಿದೆ. ಆದರೆ ಎಫ್‌ಐಆರ್ ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು, ಅದು ಇರುವುದು ಬೆಂಗಳೂರಿನಲ್ಲಿ, ನಮ್ಮದು ರೈಲಿಲ್ಲದ ಜಿಲ್ಲೆ. ಕಾಫಿ ಕೊಯ್ಲಿನ ಹೊತ್ತಿಗೆ ವಾಯಿದೆ ಬಿದ್ದರೆ ಕೆಲಸವೂ ಹೋಯಿತು, ವಕೀಲರ ಫೀಸೂ ಬಿತ್ತು. ಕೊನೆಗೆ ಗೆದ್ದರೂ ಅನುಭವಿಸಿದ್ದು ಅನುಭವಿಸಿದ್ದೇ. ಆದ್ದರಿಂದ ಮೊದಲ ಮೆಟ್ಟಿಲಲ್ಲಿ ಏನು ಕೇಳಬಹುದೆಂದು ಗೊತ್ತಿರಬೇಕು.

ಮಾನನಷ್ಟದ ದೂರಿಗೆ ಪೊಲೀಸರು ನೇರ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ನ್ಯಾಯಾಲಯ ಅದನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತನ್ನೂ ಕೇಳಬೇಕು. ದ್ವೇಷ, ಧಾರ್ಮಿಕ ಭಾವನೆಯ ಕಲಮುಗಳಲ್ಲಿ ಪೊಲೀಸರಿಗೆ ನೇರ ಅಧಿಕಾರವಿದೆ. ಅಲ್ಲಿ 173ನೇ ಕಲಮಿನ ಮೂರನೇ ಉಪಕಲಮು ನೆರವಿಗೆ ಬರುತ್ತದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಹುರುಳಿದ್ದರೆ ಮಾತ್ರ ಎಫ್‌ಐಆರ್ ಮಾಡಬಹುದು. ಮಾತು, ಬರಹದ ದೂರುಗಳಲ್ಲಿ ಈ ದಾರಿಯನ್ನು ಬಳಸುವುದೇ ಸರಿ ಎಂದು ಇಮ್ರಾನ್ ಪ್ರಕರಣದ ತೀರ್ಪು ಹೇಳಿದೆ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ ಕಂಡ ಕೂಡಲೇ ಬಂಧಿಸುವುದಲ್ಲ, ಮೊದಲು ಲಿಖಿತ ನೋಟಿಸು ಕೊಟ್ಟು ಕರೆಸುವುದು ರೂಢಿಯಾಗಬೇಕೆಂದು 2014ರ ಅರ್ನೇಶ್ ಕುಮಾರ್ ತೀರ್ಪಿದೆ. ಆ ನೋಟಿಸಿಗೆ ಈಗ 35ನೇ ಕಲಮಿನ ಮೂರನೇ ಉಪಕಲಮು ಎಂದು ಹೆಸರು. ‘ಸ್ವಲ್ಪ ಠಾಣೆಗೆ ಬಂದು ಹೋಗಿ’ ಎಂಬ ಫೋನ್ ಬಂದರೆ ‘ನೋಟಿಸು ಕೊಡಿ ಸಾರ್, ಬರುತ್ತೇನೆ’ ಎನ್ನುವುದು ಉದ್ಧಟತನವಲ್ಲ. ನೋಟಿಸು ಬಂದ ಮೇಲೆ ಹೋಗದಿರುವುದು ಮಾತ್ರ ತಪ್ಪಾಗುತ್ತದೆ.

ಬರಹವನ್ನು ಕಂಪನಿಯೇ ತೆಗೆದುಹಾಕಿದರೆ ಅದು ಬೇರೆ ದಾರಿ. ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪೋಸ್ಟು ತಡೆಯುವುದಾದರೆ ಅದಕ್ಕೂ ಕಾರಣಗಳ ಪಟ್ಟಿಯಿದೆ, ಮತ್ತು ಆ ಪಟ್ಟಿಯಲ್ಲಿ ಮಾನನಷ್ಟ ಇಲ್ಲ. ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲಿನ ಮೂಲಕ ಅಧಿಕಾರಿಗಳು ಪೋಸ್ಟು ತೆಗೆಯಲು ಹೇಳುವ ಕ್ರಮವನ್ನು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಪ್ರಶ್ನಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಅಧಿಕಾರಿಯೊಬ್ಬರ ಸೂಚನೆಯಿಂದಲೇ ಬರಹ ಮಾಯವಾಗಬಹುದೆಂಬ ಈ ಏರ್ಪಾಡು ನನಗೆ ಸಮಾಧಾನ ತಂದಿಲ್ಲ.

ಇನ್ನೊಂದೇ ಕೆಲಸ ಉಳಿದಿದೆ, ದಾಖಲೆ ಕಾಪಾಡುವುದು. ಮಾನನಷ್ಟದ ಸಿವಿಲ್ ದಾವೆಗೆ ಒಂದು ವರ್ಷದ ಕಾಲಮಿತಿ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಅಳತೆ ಪುಸ್ತಕದ ಪ್ರತಿ, ಕಿತ್ತ ರಸ್ತೆಯ ಮೂಲ ಫೋಟೊ, ಪಿಡಿಒಗೆ ಕಳಿಸಿದ ಪ್ರಶ್ನೆ ಇವೆಲ್ಲ ಅಲ್ಲಿಯವರೆಗೆ ನಿಮ್ಮ ಹತ್ತಿರ ಇರಲೇಬೇಕು. ಪೋಸ್ಟು ಅಳಿಸಿದರೂ ಅದರ ಸ್ಕ್ರೀನ್‌ಶಾಟ್ ಯಾರ ಫೋನಿನಲ್ಲೋ ಉಳಿದಿರುತ್ತದೆ. ಆಧಾರ ಅಳಿಸಿದರೆ ಹೋದದ್ದು ನಿಮ್ಮದು ಮಾತ್ರ. ಫೋನಿನಲ್ಲಿದ್ದದ್ದನ್ನು ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಬರೀ ಪ್ರಿಂಟು ನಡೆಯುವುದಿಲ್ಲ. ಹಳೆಯ ಫೋನ್ ಕೊಟ್ಟು ಹೊಸದು ತರುವ ಮೊದಲು ಅದರಲ್ಲಿರುವುದನ್ನು ಬೇರೆ ಕಡೆ ತುಂಬಿಸಿಕೊಳ್ಳಿ, ಆದರೆ ಆ ಹಳೆಯ ಫೋನನ್ನೂ ಆದಷ್ಟು ಮಾರದೆ ಇಟ್ಟುಕೊಳ್ಳಿ.